ಸೋವಿಯತ್ ಕಾಲದ ಕಾಂಕ್ರೀಟ್ ವಸತಿ ಕಟ್ಟಡಗಳಲ್ಲಿ ಎಷ್ಟೋ ಐದೇ ಅಂತಸ್ತು ಇರುವುದು ಯಾಕೆ?

ಲಿಫ್ಟಿನ ಖರ್ಚು ಉಳಿಸಲು. ಆಗಿನ ನಿಯಮದ ಪ್ರಕಾರ ನೆಲಮಹಡಿಯೂ ಸೇರಿ ಐದು ಅಂತಸ್ತಿನವರೆಗೆ ಲಿಫ್ಟ್ ಕಡ್ಡಾಯವಾಗಿರಲಿಲ್ಲ. ಅದಕ್ಕಿಂತ ಮೇಲೆ ಹೋದರೆ ದುಡ್ಡೂ ಜಾಸ್ತಿ, ಸಮಯವೂ ಜಾಸ್ತಿ.

ಎರಡನೇ ಮಹಾಯುದ್ಧದಲ್ಲಿ ಊರಿಗೆ ಊರೇ ನೆಲಸಮವಾಗಿತ್ತು. ನಗರಗಳಲ್ಲಿ ಒಂದೇ ಫ್ಲಾಟಿನಲ್ಲಿ ಕೋಣೆಗೊಂದು ಕುಟುಂಬ, ಎಲ್ಲರಿಗೂ ಸೇರಿ ಒಂದೇ ಅಡುಗೆಮನೆ. ಹಾಗಾಗಿ ಸೋವಿಯತ್ ನಾಯಕ ಕ್ರುಶ್ಚೇವ್ ಕಾಲದಲ್ಲಿ, 1955ರ ಆದೇಶವೊಂದು ಕಂಬ, ಕೆತ್ತನೆಯಂಥ ಅಲಂಕಾರಕ್ಕೆಲ್ಲ ಕತ್ತರಿ ಹಾಕಿತು. ಆಮೇಲೆ ಗೋಡೆಗಳನ್ನು ಕಾರ್ಖಾನೆಯಲ್ಲೇ ಎರಕ ಹೊಯ್ದು, ಲಾರಿಯಲ್ಲಿ ತಂದು, ಕ್ರೇನಿನಿಂದ ಎತ್ತಿ ಜೋಡಿಸತೊಡಗಿದರು. ಸೂರಿನ ಎತ್ತರ ಸುಮಾರು 2.5 ಮೀಟರ್. ಅಡುಗೆಮನೆ ಆರು ಚದರ ಮೀಟರ್ ಆಸುಪಾಸು. ಇಕ್ಕಟ್ಟು ನಿಜ. ಆದರೆ ಸ್ವಂತ ಬಾಗಿಲು, ಸ್ವಂತ ಬಚ್ಚಲು ಸಿಕ್ಕಿದ್ದು ಸಣ್ಣ ಮಾತಲ್ಲ, ಅಲ್ವಾ? ಸುಮ್ನೆ ಪೆಟ್ಟಿಗೆ ಮನೆ ಅಂತ ಹೀಗಳೆಯುವುದು ಅನ್ಯಾಯ. ಮೇಲಿನ ಅಂತಸ್ತಿನ ವಯಸ್ಸಾದವರಿಗೆ ಮಾತ್ರ ಮೆಟ್ಟಿಲು ಹತ್ತುವ ಕಷ್ಟ ಉಳಿದೇಬಿಟ್ಟಿತು.