ನನಗೆ 18 ವರ್ಷ. ಅಪ್ಪ ಆಟೋ ಓಡಿಸುತ್ತಾರೆ. ‘ಭರತನಾಟ್ಯ ಹೆಂಗಸರ ಕಲೆ’ ಎನ್ನುವ ಅವರನ್ನು ಒಪ್ಪಿಸುವುದು ಹೇಗೆ?

ನಾನು ದೊಡ್ಡಬಳ್ಳಾಪುರದ ಪವರ್‌ಲೂಮ್ ಕೂಲಿಯೊಬ್ಬರ ಮಗ. ಈಗ ಮಕ್ಕಳಿಗೆ ಭರತನಾಟ್ಯ ಹೇಳಿಕೊಟ್ಟು ಬದುಕುತ್ತಿದ್ದೇನೆ. ಮನೆಯವರ ವಿರೋಧವೆಲ್ಲ ‘ಹೆಂಗಸರ ಕಲೆ’ ಎಂಬ ಮಾತಿನಲ್ಲೇ ಅಡಗಿದೆ ಎಂದು ನಂಬಿ, ಅದಕ್ಕೆ ಉತ್ತರ ಹುಡುಕುತ್ತಾ ನಾನೂ ಎರಡು ವರ್ಷ ಕಳೆದೆ.

ಆ ಉತ್ತರವೇನೂ ಕಷ್ಟದ್ದಲ್ಲ. ಭರತನಾಟ್ಯವನ್ನು ತಲೆಮಾರುಗಳಿಂದ ಕಲಿಸಿಕೊಂಡು ಬಂದ ನಟ್ಟುವನಾರರು ಗಂಡಸರು, ಯಕ್ಷಗಾನ ಮೇಳಗಳಲ್ಲಿ ಸ್ತ್ರೀವೇಷವನ್ನೂ ಗಂಡಸರೇ ಕಟ್ಟುತ್ತಾ ಬಂದರು, ಬೆಂಗಳೂರಿನ ಯು. ಎಸ್. ಕೃಷ್ಣರಾವ್ ಅವರು ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದೂ ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೆಯವರಲ್ಲಿ ಕಲಿತು, ಪತ್ನಿ ಚಂದ್ರಭಾಗಾದೇವಿಯವರೊಂದಿಗೆ ನರ್ತಿಸಿ ಹೆಸರಾದರು. ಇದನ್ನೆಲ್ಲ ಹೇಳಿದ ಮೇಲೆ, “ಜಾತ್ರೆಯಲ್ಲಿ ವೀರಗಾಸೆ ಕುಣಿಯೋರಿಗೆ ನೀನೇ ಕೈ ಮುಗೀತೀಯಲ್ಲಪ್ಪ” ಎಂದೂ ಕೇಳಿದೆ. “ಅವರು ಮಾರನೇ ದಿನ ಹೊಲಕ್ಕೆ ಹೋಗ್ತಾರೆ. ನೀನೆಲ್ಲಿಗೆ ಹೋಗ್ತೀಯ?” ಎಂದರು ಅಪ್ಪ. ನನ್ನ ಬಳಿ ಮಾತಿರಲಿಲ್ಲ.

ಸೀರೆಗೆ ಇಷ್ಟೆಂದು ಕೂಲಿ ಪಡೆಯುವ ಮನೆಯಲ್ಲಿ, ಮಗ್ಗದ ಕಂಡಿಕೆಗೆ ನೂಲು ಸುತ್ತಬೇಕಾದ ಹುಡುಗ ಸಂಜೆ ನೃತ್ಯಕ್ಕೆ ಹೋದರೆ ವಾರದ ಬಟವಾಡೆಯಲ್ಲಿ ಅದು ಎದ್ದು ಕಾಣುತ್ತದೆ. ಆದ್ದರಿಂದ ನಾನು ಗುರುಗಳನ್ನು ಬೇಡಿಕೊಂಡು ತರಗತಿಯನ್ನು ಬೆಳಗಿನ ಹೊತ್ತಿಗೆ ಹಾಕಿಸಿಕೊಂಡೆ. ಅರ್ಧ ಶುಲ್ಕಕ್ಕೆ ಬದಲಾಗಿ ಚಿಕ್ಕ ಮಕ್ಕಳ ತಟ್ಟಡವು, ನಾಟಡವು ಎಂಬ ಆರಂಭದ ಹೆಜ್ಜೆಗಳನ್ನು ತಿದ್ದುವ ಕೆಲಸ ಒಪ್ಪಿಕೊಂಡೆ. ಮನೆಯಲ್ಲಿ ಜಗಳ ನಿಂತದ್ದು ಆಮೇಲೆಯೇ, ಅದೂ ಒಪ್ಪಿಗೆಯಿಂದಲ್ಲ, ತಕರಾರಿಗೆ ಕಾರಣ ಉಳಿಯದೆ.

ನೀವೂ ಅಪ್ಪನ ಮುಂದೆ ಲೆಕ್ಕವಿಡಿ. ಭರತನಾಟ್ಯದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳನ್ನು ದಾಟಿದರೆ ಕಲಿಸುವ ಕೆಲಸಕ್ಕೆ ಒಂದು ಆಧಾರ ಸಿಗುತ್ತದೆ. ಪೂರ್ಣಾವಧಿ ಕಲಿಯುವುದಾದರೆ ಚೆನ್ನೈನ ಕಲಾಕ್ಷೇತ್ರದಲ್ಲಿ ಹುಡುಗರಿಗೂ ನಾಲ್ಕು ವರ್ಷದ ಡಿಪ್ಲೊಮಾ ಇದೆ. ಕೇಂದ್ರ ಸಂಸ್ಕೃತಿ ಸಚಿವಾಲಯವು 18ರಿಂದ 25 ವರ್ಷದ ಕಲಾವಿದರಿಗೆ ತಿಂಗಳಿಗೆ 5,000 ರೂಪಾಯಿಯಂತೆ ಎರಡು ವರ್ಷ ಕೊಡುವ ವಿದ್ಯಾರ್ಥಿವೇತನವೂ ಇದೆ. ಆದರೆ ಅದಕ್ಕೆ ಹಲವು ವರ್ಷ ಗುರುಮುಖೇನ ಕಲಿತಿರಬೇಕಾದ್ದರಿಂದ, ಈಗಲೇ ಅದನ್ನು ಆದಾಯವೆಂದು ಹಿಡಿಯಬೇಡಿ. ರಂಗಪ್ರವೇಶಕ್ಕಾಗಿ, ಅಂದರೆ ಒಬ್ಬರೇ ಕೊಡುವ ಮೊದಲ ಪೂರ್ಣ ಪ್ರದರ್ಶನಕ್ಕಾಗಿ, ಸಾಲ ಮಾಡುವ ಮಾತಂತೂ ಬೇಡವೇ ಬೇಡ. ಸಭಾಂಗಣ, ಹಿಮ್ಮೇಳ, ಉಡುಪು, ಊಟ ಎಂದು ಲಕ್ಷಗಟ್ಟಲೆ ಕರಗುತ್ತದೆ. ಅದಿಲ್ಲದೆಯೇ ನಾನು ವಿದ್ವತ್ ಮುಗಿಸಿದೆ, ಇದುವರೆಗೆ ಒಬ್ಬ ಶಿಷ್ಯನ ಮನೆಯವರೂ ಅದರ ಬಗ್ಗೆ ವಿಚಾರಿಸಿಲ್ಲ.

ಅಪ್ಪ ನನ್ನ ಕಾರ್ಯಕ್ರಮಕ್ಕೆ ಬಂದದ್ದು ಒಂದೇ ಸಲ. ಮುಗಿದ ಮೇಲೆ ನೃತ್ಯದ ಬಗ್ಗೆ ಏನೂ ಹೇಳದೆ, ಮೃದಂಗದವರಿಗೆ ಎಷ್ಟು ಕೊಟ್ಟೆ ಎಂದು ಕೇಳಿದರು. ಹೇಳಿದೆ. “ಎರಡು ಗಂಟೆ ಬಾರಿಸಿದಾರೆ, ಕಮ್ಮಿಯಾಯ್ತು” ಎಂದರು.