ಹಳೇ ಬ್ಯಾಚಿನ ಡಾಕ್ಟರುಗಳು ಓದಿನ ಒತ್ತಡವನ್ನು ಈಗಿನವರಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತಿದ್ದರೇ?

ಮೊದಲ ವರ್ಷದ ಎಂಬಿಬಿಎಸ್‌ನಲ್ಲಿರುವ ನಿಮ್ಮ ತಮ್ಮ ನಿದ್ದೆ ಬರ್ತಿಲ್ಲ ಅಂತಾನೆ, ಡಾಕ್ಟರಾಗಿರುವ ದೊಡ್ಡಪ್ಪ ‘ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ’ ಅಂತಾರೆ, ನಿಜವಾ ಅಂತ ಕೇಳಿದ್ದೀರಿ. ನಾನೂ ಆ ದೊಡ್ಡಪ್ಪನ ವಯಸ್ಸಿನವನೇ. 1989ರಲ್ಲಿ ದಾವಣಗೆರೆಯಲ್ಲಿ ಎಂಬಿಬಿಎಸ್ ಸೇರಿದವನು. ಇತ್ತು ಸ್ವಾಮಿ. ಹೆಸರು ಬೇರೆ ಇತ್ತು: ಕಾಮಾಲೆ.

ನನ್ನ ರೂಮಿನಲ್ಲಿ ಹೊಳಲ್ಕೆರೆ ಕಡೆಯ ಹುಡುಗನೊಬ್ಬನಿದ್ದ. ಕನ್ನಡ ಮೀಡಿಯಂ. ಅನಾಟಮಿ ವೈವಾದಲ್ಲಿ, ಅಂದರೆ ಬಾಯಿಮಾತಿನ ಪರೀಕ್ಷೆಯಲ್ಲಿ, ಮೂಳೆ ಕೈಗೆ ಕೊಟ್ಟು ಎಡದ್ದೋ ಬಲದ್ದೋ ಅಂದರೆ ಗೊತ್ತಿದ್ದೂ ಬಾಯಿ ಬಿಡುತ್ತಿರಲಿಲ್ಲ. ರಾತ್ರಿ ಲೈಟ್ ಆರಿಸಿದ ಮೇಲೆ ಅದೇ ಮೂಳೆ ಸವರುತ್ತಾ ಕೂತಿರುತ್ತಿದ್ದ. ಒಂದಿನ ಹೆಣ ಕೊಯ್ದು ಕಲಿಯುವ ಡಿಸೆಕ್ಷನ್ ಮುಗಿಸಿ ಬಂದರೆ ಅವನ ಮಂಚದ ಮೇಲೆ ಹಾಸಿಗೆಯೇ ಇಲ್ಲ. ಅಪ್ಪ ಬಂದು ಕರ್ಕೊಂಡು ಹೋದರಂತೆ, ಕಾಮಾಲೆಯಂತೆ. ಸೀನಿಯರ್ ಹತ್ತಿರ ಕೊಂಡಿದ್ದ ಬೋನ್ ಸೆಟ್ ಮಾತ್ರ ಗೋಣಿಚೀಲದಲ್ಲಿ ಮಂಚದ ಕೆಳಗೆ ಹಾಗೇ ಉಳಿದಿತ್ತು. ನಾವು ಅದರಲ್ಲೇ ಓದಿ ಪಾಸಾದೆವು. ಅವನಿಗೊಂದು ಕಾಗದ ಬರೆಯಲಿಲ್ಲ. ತಡೆದುಕೊಂಡೆವು ಅಂತ ಇವತ್ತು ಹೇಳುವವರೆಲ್ಲ ಉಳಿದುಕೊಂಡವರು. ಅವನನ್ನು ಯಾರು ಕೇಳ್ತಾರೆ?

ನಮಗೆ ಅನುಕೂಲವೂ ಇತ್ತು ಅನ್ನಿ. ಮೊದಲ ಎಂಬಿಬಿಎಸ್ ಒಂದೂವರೆ ವರ್ಷ. 1997ರ ನಿಯಮ ಅದನ್ನು ಒಂದು ವರ್ಷಕ್ಕಿಳಿಸಿತು, ಪುಸ್ತಕವೇನೂ ತೆಳ್ಳಗಾಗಲಿಲ್ಲ. ಸಂಜೆ ಹತ್ತು ಜನ ಗುಂಪಾಗಿ ಬೆಣ್ಣೆ ದೋಸೆಗೆ ಹೋಗುತ್ತಿದ್ದೆವು. (ಹೆಣ ಕೆಡದಂತೆ ಹಾಕುವ ಫಾರ್ಮಲಿನ್ ಕೈಗೆ ಹತ್ತಿದ ವಾಸನೆಗೆ ಹೆದರಿ ದೋಸೆಯನ್ನು ಚಮಚದಲ್ಲಿ ತಿಂದ ಬ್ಯಾಚು ನಮ್ಮದು.) ಪೈಪೋಟಿಯೂ ಆ ಹತ್ತು ಜನರ ನಡುವೆಯೇ. ನನ್ನ ಮಗಳಿಗೆ ಎರಡನೇ ವರ್ಷದಲ್ಲೇ ಮೊಬೈಲಿನಲ್ಲಿ ನೀಟ್ ಪಿಜಿ (ಎಂಬಿಬಿಎಸ್ ಮುಗಿದ ಮೇಲಿನ ಪಿಜಿ ಸೀಟಿನ ಪರೀಕ್ಷೆ) ಆ್ಯಪ್. ಟೆಸ್ಟ್ ಮುಗಿದ ಕೂಡಲೇ ಇಡೀ ದೇಶದಲ್ಲಿ ಅವಳು ಎಷ್ಟನೆಯವಳು ಅಂತ ತೋರಿಸುತ್ತೆ.

ಕಳೆದ ವರ್ಷ ಫೋನ್ ಮಾಡಿ ‘ಅಪ್ಪಾಜಿ, ಕೌನ್ಸೆಲರ್ ಹತ್ರ ಹೋಗ್ತಿದೀನಿ’ ಅಂದಳು, ಮೆಸ್‌ನಲ್ಲಿ ಸಾರು ಚೆನ್ನಾಗಿಲ್ಲ ಅನ್ನುವ ದನಿಯಲ್ಲಿ. ನನ್ನ ಬಾಯಿಂದ ಬಂದ ಮೊದಲ ಮಾತು: ‘ಅಜ್ಜಿಗೆ ಹೇಳಬೇಡ.’ ಮೂವತ್ತು ವರ್ಷ ಪ್ರಾಕ್ಟೀಸ್ ಮಾಡಿದವನು ನಾನು! ‘ಅಜ್ಜಿಗೆ ಆಗಲೇ ಹೇಳಾಯ್ತು’ ಅಂತ ನಕ್ಕಳು.

2019ರ ಪಠ್ಯಕ್ರಮದಲ್ಲಿ ಫೌಂಡೇಶನ್ ಕೋರ್ಸ್ ಅಂತ ಶುರುವಿನಲ್ಲೇ ಒತ್ತಡ ನಿಭಾಯಿಸೋದನ್ನೂ ಹೇಳಿಕೊಡ್ತಾರೆ. ಕಾಲೇಜಿನಲ್ಲಿ ಬಾಯಿ ಬಿಡಲು ಮುಜುಗರವಾದರೆ ನಿಮ್ಮ ತಮ್ಮ 14416ಕ್ಕೆ ಫೋನ್ ಮಾಡಲಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ನಿದ್ದೆಗೆಟ್ಟು ಎರಡು ವಾರ ದಾಟಿದ್ದರೆ ಸೈಕಿಯಾಟ್ರಿ ಓಪಿಡಿಗೆ, ಅಂದರೆ ಆಸ್ಪತ್ರೆಯ ಮನೋವೈದ್ಯರ ಹತ್ತಿರ, ನೀವೇ ಜೊತೆಗೆ ಹೋಗಿ.

ಹಾಗೇ ದೊಡ್ಡಪ್ಪನನ್ನು ಕೇಳಿ ನೋಡಿ, ಅವರ ಬ್ಯಾಚಿನಲ್ಲಿ ಎಷ್ಟು ಜನಕ್ಕೆ ಕಾಮಾಲೆಯಾಗಿತ್ತು ಅಂತ.