ಇತ್ತೀಚೆಗೆ ಬಂದ ಸಿನಿಮಾ, ಸೀರೀಸ್‌ಗಳಲ್ಲಿ ಅರ್ಧಕ್ಕೇ ಬಿಡದಂಥದ್ದು ಯಾವುದು?

"ರೇಟಿಂಗ್ ನೋಡಿ ಹಾಕುತ್ತೇನೆ, ಇಪ್ಪತ್ತು ನಿಮಿಷಕ್ಕೇ ಬೇಜಾರಾಗಿ ನಿಲ್ಲಿಸುತ್ತೇನೆ. ಈಚಿನ ಮೂರ್ನಾಲ್ಕು ವರ್ಷಗಳಲ್ಲಿ ಬಂದದ್ದರಲ್ಲಿ ನಿಮಗೆ ನಿಜವಾಗಿ ಹಿಡಿಸಿದ್ದು ಯಾವುದು?" ಅಂತ ಕೇಳಿದ್ದೀರಿ.

ರೇಟಿಂಗ್ ವಿಷಯ ಬಿಡಿ. ಅದು ಗೊತ್ತುಗುರಿಯಿಲ್ಲದ ಲಕ್ಷಾಂತರ ಜನರ ಸರಾಸರಿ ರುಚಿ. ನನ್ನ ಲೆಕ್ಕ ಬೇರೆ. ಎಲ್ಲವನ್ನೂ ಬಾಯಿಬಿಟ್ಟು ಹೇಳುವ ಸಿನಿಮಾ ಕಂಡರೆ ನನಗೆ ನಿದ್ದೆ ಬರುತ್ತದೆ. ಪಾತ್ರ ಅಳುವ ಮೊದಲೇ ಹಿನ್ನೆಲೆಯಲ್ಲಿ ಪಿಟೀಲು ಅಳೋಕೆ ಶುರು ಮಾಡಿದರೆ ಮುಗಿಯಿತು. ನೋಡುವವರಿಗೂ ಸ್ವಲ್ಪ ಕೆಲಸ ಉಳಿಸಿರಬೇಕು, ಅಲ್ವಾ? ನಿಮ್ಮ ಇಪ್ಪತ್ತು ನಿಮಿಷದ ಬೇಜಾರಿಗೂ ಇದೇ ಕಾರಣ ಅಂತ ನನ್ನ ಅನುಮಾನ. ಮುಂದೇನಾಗುತ್ತದೆ ಅಂತ ಅಷ್ಟರಲ್ಲೇ ಗೊತ್ತಾಗಿರುತ್ತದೆ. ಅಬ್ಬರದ ಸಿನಿಮಾಗಳನ್ನು ನಾನೂ ನೋಡುತ್ತೇನೆ, ಆದರೆ ಅವಕ್ಕೆ ನನ್ನ ಶಿಫಾರಸು ಬೇಕಾಗಿಲ್ಲ.

ಮೊದಲು ಒಂದು ಸೀರೀಸ್. 2025ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ 'ಅಡಾಲಸೆನ್ಸ್'. ನಾಲ್ಕೇ ಕಂತು. ಬೆಳಗಿನ ಹೊತ್ತು ಪೊಲೀಸರು ಬಾಗಿಲು ಒಡೆದು ಒಂದು ಮನೆಗೆ ನುಗ್ಗುತ್ತಾರೆ. ಹಿಡಿದುಕೊಂಡು ಹೋಗುವುದು 13 ವರ್ಷದ ಹುಡುಗನನ್ನು. ಆರೋಪ, ಸಹಪಾಠಿಯ ಕೊಲೆ. ಪ್ರತಿ ಕಂತನ್ನೂ ಎಲ್ಲೂ ಕಟ್ ಮಾಡದೆ ಒಂದೇ ಟೇಕ್‌ನಲ್ಲಿ ತೆಗೆದಿದ್ದಾರೆ. ವಾರಗಟ್ಟಲೆ ತಾಲೀಮು ಮಾಡಿ, ಆಮೇಲೆ ಪೂರ್ತಿ ಕಂತನ್ನು ಮತ್ತೆ ಮತ್ತೆ ಆಡಿ, ಅದರಲ್ಲಿ ಒಂದನ್ನು ಆರಿಸಿಕೊಂಡದ್ದು. ನಾಟಕದವರಿಗೆ ಈ ಕಷ್ಟ ಗೊತ್ತಿರುತ್ತದೆ. ಎರಡನೇ ಕಂತಿನ ಕೊನೆಯಲ್ಲಿ ಕ್ಯಾಮೆರಾವನ್ನು ಡ್ರೋನ್‌ಗೆ ಸಿಕ್ಕಿಸಿ ಹಾರಿಸಿ, ಇನ್ನೊಂದು ಜಾಗದಲ್ಲಿ ಇಳಿಸಿ ಮತ್ತೆ ಕೈಗೆ ತೆಗೆದುಕೊಳ್ಳುತ್ತಾರೆ. ನೋಡುವಾಗ ಇದು ಗೊತ್ತೇ ಆಗುವುದಿಲ್ಲ.

ಆದರೆ ನಾನು ಹೇಳಬೇಕೆಂದಿರುವುದು ಮೂರನೇ ಕಂತಿನ ಬಗ್ಗೆ. ಒಂದು ಕೋಣೆ, ಒಂದು ಮೇಜು, ಆ ಕಡೆ ಹುಡುಗ, ಈ ಕಡೆ ಮನಶ್ಶಾಸ್ತ್ರಜ್ಞೆ. ಅವನಿಗಾಗಿ ಹಾಟ್ ಚಾಕೊಲೇಟ್, ಅರ್ಧ ಸ್ಯಾಂಡ್‌ವಿಚ್ ತಂದಿದ್ದಾಳೆ. ಮಾತು ಹಗುರವಾಗಿಯೇ ಶುರುವಾಗುತ್ತದೆ. ಸ್ವಲ್ಪ ಹೊತ್ತಿಗೆ ಅವನು ಎದ್ದು ನಿಂತು ಕೂಗಾಡುತ್ತಾನೆ, ಮರುಕ್ಷಣ ಮತ್ತೆ ಮಗುವಾಗುತ್ತಾನೆ. ಇಷ್ಟು ಹೊತ್ತು ಪಾಪ ಅನಿಸುತ್ತಿದ್ದ ಹುಡುಗನ ಎದುರು ನಮಗೂ ಭಯ ಶುರುವಾಗುತ್ತದೆ. ಒಂದು ಕಡೆ ಅವನು ಆಕಳಿಸುತ್ತಾನೆ. ಅದು ಸ್ಕ್ರಿಪ್ಟ್‌ನಲ್ಲಿ ಇರಲಿಲ್ಲ, ಹುಡುಗನಿಗೆ ನಿಜಕ್ಕೂ ಆಕಳಿಕೆ ಬಂದಿತ್ತು. ಎದುರಿಗಿದ್ದ ಎರಿನ್ ಡೊಹರ್ಟಿ ಪಾತ್ರ ಬಿಡದೆ, ನನ್ನಿಂದ ಬೋರಾಗುತ್ತಿದೆಯಾ ಅಂತ ಕೇಳಿಬಿಡುತ್ತಾಳೆ. ಅವನು ನಗುತ್ತಾನೆ. ಇಡೀ ಕಂತಿನಲ್ಲಿ ನನಗೆ ಅತ್ಯಂತ ನಿಜ ಅನಿಸಿದ ಗಳಿಗೆ ಅದೇ. ಆ ಹುಡುಗ ಓವನ್ ಕೂಪರ್‌ಗೆ ಇದು ಮೊದಲ ಪಾತ್ರ. ಅದರಲ್ಲೂ ಮೊದಲು ಚಿತ್ರೀಕರಿಸಿದ್ದೇ ಈ ಕಂತು. 15ನೇ ವಯಸ್ಸಿಗೆ ಅಮೆರಿಕದ ದೊಡ್ಡ ಟಿವಿ ಪ್ರಶಸ್ತಿ 'ಎಮ್ಮಿ' ಸಿಕ್ಕಿತು. ಕೊಂದವರು ಯಾರು ಅನ್ನುವ ಕುತೂಹಲಕ್ಕೆ ಇದನ್ನು ನೋಡಬೇಡಿ. ಸೀರೀಸಿಗೇ ಆ ಪ್ರಶ್ನೆಯಲ್ಲಿ ಜಾಸ್ತಿ ಆಸಕ್ತಿ ಇಲ್ಲ.

ಸಿನಿಮಾಗಳಲ್ಲಿ ನಾನು ಎಲ್ಲರಿಗೂ ದುಂಬಾಲು ಬಿದ್ದು ತೋರಿಸುವುದು ಮಲಯಾಳದ 'ಆಟ್ಟಂ'. ಆನಂದ್ ಏಕರ್ಷಿ ನಿರ್ದೇಶನ. ಒಂದು ನಾಟಕ ತಂಡ, ಹನ್ನೆರಡು ಗಂಡಸರು, ಒಬ್ಬಳೇ ಹೆಂಗಸು. ಒಂದು ಪಾರ್ಟಿಯ ರಾತ್ರಿ ಮಲಗಿದ್ದ ಅವಳ ಮೈಮೇಲೆ ತಂಡದವನೊಬ್ಬ ಕೈ ಹಾಕುತ್ತಾನೆ. ಮಾರನೆಯ ದಿನಗಳಲ್ಲಿ ಉಳಿದವರು ಸಭೆ ಸೇರುತ್ತಾರೆ, ಅವನನ್ನು ತೆಗೆದುಹಾಕಬೇಕು ಅಂತ. ಎಲ್ಲರಿಗೂ ರೋಷ. ಎಲ್ಲರೂ ಅವಳ ಪರ. ಆಗ ತಂಡಕ್ಕೆ ವಿದೇಶದಲ್ಲಿ ನಾಟಕ ಆಡುವ ಅವಕಾಶ ಬರುತ್ತದೆ, ಅದೂ ಆರೋಪ ಹೊತ್ತವನ ಪರಿಚಯದವರ ಕಡೆಯಿಂದಲೇ. ಅಲ್ಲಿಂದ ಒಬ್ಬೊಬ್ಬರ ದನಿ ಹೇಗೆ ತಗ್ಗುತ್ತದೆ ನೋಡಿ. ಯಾರೂ ತಟ್ಟನೆ ಪಕ್ಷ ಬದಲಿಸುವುದಿಲ್ಲ. "ಅವಳಿಗೆ ಸರಿಯಾಗಿ ಕಂಡಿತ್ತಾ?", "ಕತ್ತಲಿತ್ತಲ್ಲ?" ಅನ್ನುವ ಧಾಟಿಯ ಮೆಲುಮಾತು ಸಾಕು. ಹೆಚ್ಚಿನ ನಟರು ನಿಜ ಜೀವನದಲ್ಲೂ ರಂಗಭೂಮಿಯವರೇ, ಹಾಗಾಗಿ ಗುಂಪಿನೊಳಗಿನ ಸಲಿಗೆ ನಟನೆ ಅನಿಸುವುದೇ ಇಲ್ಲ. 70ನೇ ರಾಷ್ಟ್ರಪ್ರಶಸ್ತಿಯಲ್ಲಿ ಅತ್ಯುತ್ತಮ ಚಿತ್ರ ಇದೇ. ಒಂದು ಎಚ್ಚರಿಕೆ, ಬಹುಪಾಲು ಸಿನಿಮಾ ಮಾತಿನಲ್ಲೇ ನಡೆಯುತ್ತದೆ. ಮೊಬೈಲ್ ಕೈಯಲ್ಲಿಟ್ಟುಕೊಂಡು ಕೂತರೆ ಯಾರು ಏನು ಹೇಳಿದರು ಅನ್ನುವುದೇ ತಪ್ಪಿಹೋಗುತ್ತದೆ.

ಇದಕ್ಕೆ ಪೂರ್ತಿ ಉಲ್ಟಾ ತಮಿಳಿನ 'ಕೊಟ್ಟುಕ್ಕಾಳಿ' (2024). ನಾಯಕಿ ಇಡೀ ಸಿನಿಮಾದಲ್ಲಿ ಹೆಚ್ಚುಕಡಿಮೆ ಬಾಯೇ ಬಿಡುವುದಿಲ್ಲ. ಹಿನ್ನೆಲೆ ಸಂಗೀತವೂ ಇಲ್ಲ. ಬೇರೆ ಜಾತಿಯವನನ್ನು ಇಷ್ಟಪಟ್ಟವಳಿಗೆ ದೆವ್ವ ಹಿಡಿದಿದೆ ಅಂತ ಮನೆಯವರು ಆಟೋದಲ್ಲಿ ಕೂರಿಸಿಕೊಂಡು ಬಿಡಿಸಲು ಹೊರಟಿದ್ದಾರೆ. ಜೊತೆಗೆ ಬಲಿ ಕೊಡಲು ಒಂದು ಹುಂಜ. ದಾರಿಯಲ್ಲಿ ಒಂದು ಗೂಳಿ ಅಡ್ಡ ನಿಲ್ಲುತ್ತದೆ. ಮೀಸೆ ಹೊತ್ತ ಗಂಡಸರಿಗೆಲ್ಲ ಹತ್ತಿರ ಹೋಗಲು ಧೈರ್ಯವಿಲ್ಲ. ಒಂದು ಪುಟ್ಟ ಹುಡುಗಿ ಬಂದು ಅದನ್ನು ಕರೆದುಕೊಂಡು ಹೋಗುತ್ತಾಳೆ. ನಿರ್ದೇಶಕ ವಿನೋದ್‌ರಾಜ್ ಅದನ್ನು ವಿವರಿಸುವುದಿಲ್ಲ, ಆಟೋ ಮುಂದೆ ಹೋಗುತ್ತದೆ. ಕೊನೆ ನೋಡಿ ನೀವು ನನ್ನನ್ನು ಬೈಯಬಹುದು. ಬೈಯಿರಿ ಪರವಾಗಿಲ್ಲ.

ಹೊರದೇಶದ್ದು ಬೇಕೆಂದರೆ 'ದಿ ಝೋನ್ ಆಫ್ ಇಂಟರೆಸ್ಟ್' (2023). ನಾಜಿಗಳು ಯಹೂದಿಗಳನ್ನು ಕೂಡಿಹಾಕಿ ಕೊಲ್ಲುತ್ತಿದ್ದ ಆಶ್‌ವಿಟ್ಝ್ ಶಿಬಿರದ ಕಮಾಂಡರ್ ರುಡಾಲ್ಫ್ ಹೋಸ್‌ನ ಸಂಸಾರ ಶಿಬಿರದ ಗೋಡೆಗೆ ಅಂಟಿಕೊಂಡೇ ಇದೆ. ಹೂತೋಟ, ಮಕ್ಕಳ ಆಟ, ಬಂದುಹೋಗುವ ನೆಂಟರು. ಗೋಡೆಯ ಆಚೆ ನಡೆಯುವುದನ್ನು ಕ್ಯಾಮೆರಾ ಒಮ್ಮೆಯೂ ತೋರಿಸುವುದಿಲ್ಲ, ಕೇಳಿಸುತ್ತದೆ ಅಷ್ಟೇ. ಗುಂಡಿನ ಸದ್ದು, ಕೂಗು, ನಿಲ್ಲದ ಒಂದು ಗುಂಯ್. ಒಂದು ದೃಶ್ಯದಲ್ಲಿ ಹೆಂಡತಿ, ಕೈದಿಯೊಬ್ಬಳಿಂದ ಕಿತ್ತುಕೊಂಡ ತುಪ್ಪಳದ ಕೋಟು ಹಾಕಿಕೊಂಡು ಕನ್ನಡಿಯಲ್ಲಿ ಹಿಂದೆ ಮುಂದೆ ನೋಡಿಕೊಳ್ಳುತ್ತಾಳೆ. ಜೇಬಿನಲ್ಲಿ ಒಂದು ಲಿಪ್‌ಸ್ಟಿಕ್ ಸಿಗುತ್ತದೆ. ಅದನ್ನೂ ಹಚ್ಚಿ ನೋಡುತ್ತಾಳೆ. ಒಂದು ಹನಿ ರಕ್ತ ಕಾಣಿಸದೆ ಹೊಟ್ಟೆ ತೊಳಸುತ್ತದೆ. ಮನೆಯಲ್ಲಿ ಅಲ್ಲಲ್ಲಿ ಕ್ಯಾಮೆರಾ ಅಡಗಿಸಿಟ್ಟು, ನಟರ ಸುತ್ತ ಯಾರೂ ಇಲ್ಲದಂತೆ ಚಿತ್ರೀಕರಿಸಿದ್ದಾರೆ. ಧ್ವನಿಗೆ ಆಸ್ಕರ್ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಹೆಡ್‌ಫೋನ್ ಹಾಕಿ ನೋಡಿ, ಫೋನಿನ ಸ್ಪೀಕರ್‌ನಲ್ಲಿ ನೋಡಿದರೆ ಅರ್ಧ ಸಿನಿಮಾ ನೋಡಿದಂತೆ.

ಕನ್ನಡದ್ದು ಹೇಳದೆ ಹೋದರೆ ಹೇಗೆ? 'ಶಿವಮ್ಮ ಯರೇಹಂಚಿನಾಳ' ಎಷ್ಟು ಜನ ನೋಡಿದ್ದಾರೋ. ಸರ್ಕಾರಿ ಶಾಲೆಯಲ್ಲಿ ಅಡುಗೆ ಮಾಡುವ ಹೆಂಗಸೊಬ್ಬಳು ನೆಟ್‌ವರ್ಕ್ ಮಾರ್ಕೆಟಿಂಗ್‌ಗೆ ಬಿದ್ದು ಊರವರಿಗೆಲ್ಲ ಶಕ್ತಿಯ ಪೇಯ ಮಾರಲು ಹೊರಡುತ್ತಾಳೆ. ನಗು ಬರುತ್ತದೆ, ನಗುವಾಗಲೇ ಅವಳ ಸಾಲದ ಚಿಂತೆಯೂ ಹತ್ತುತ್ತದೆ. ನಿರ್ದೇಶಕ ಜೈಶಂಕರ್ ಆರ್ಯರ್ ಅವಳನ್ನು ಪಾಪದವಳನ್ನಾಗಿ ಮಾಡಿಲ್ಲ, ಬುದ್ಧಿವಾದವನ್ನೂ ಹೇಳಿಲ್ಲ. 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ಹೊಸ ನಿರ್ದೇಶಕರಿಗೆ ಕೊಡುವ ನ್ಯೂ ಕರೆಂಟ್ಸ್ ಪ್ರಶಸ್ತಿ ಗೆದ್ದ ಸಿನಿಮಾ ಇದು. ಸುಮಂತ್ ಭಟ್ ಅವರ 'ಮಿಥ್ಯ' ಕೂಡ ಹಾಗೇ. ಅಪ್ಪ ಅಮ್ಮನನ್ನು ಕಳೆದುಕೊಂಡ ಹನ್ನೊಂದರ ಹುಡುಗ ಮುಂಬೈ ಬಿಟ್ಟು ಉಡುಪಿಯಲ್ಲಿ ನೆಂಟರ ಮನೆಗೆ ಬರುತ್ತಾನೆ. ದೊಡ್ಡವರ ಪಿಸುಮಾತು ಅವನಿಗೆ ಎಷ್ಟು ಕೇಳಿಸುತ್ತದೋ ನಮಗೂ ಅಷ್ಟೇ. ಇನ್ನು ಮನೆಮಂದಿಯೆಲ್ಲ ಕೂತು ನಗಬೇಕೆಂದರೆ 'ಸು ಫ್ರಮ್ ಸೋ' ಇದ್ದೇ ಇದೆ, ನೀವು ಈಗಾಗಲೇ ನೋಡಿರುತ್ತೀರಿ.

ಪತ್ತೇದಾರಿ ಇಷ್ಟವಾದರೆ ಮಲಯಾಳದ 'ಕಿಷ್ಕಿಂಧಾ ಕಾಂಡಂ' (2024). ಕಾಣೆಯಾದ ಒಂದು ಪಿಸ್ತೂಲು, ನೆನಪು ಕೈಕೊಡುತ್ತಿರುವ ಒಬ್ಬ ಮುದುಕ. ಇದಕ್ಕಿಂತ ಜಾಸ್ತಿ ಹೇಳಿದರೆ ಕೆಡುತ್ತದೆ. ಮಕ್ಕಳಿದ್ದರೆ ಲಾಟ್ವಿಯಾದ 'ಫ್ಲೋ'. ಪ್ರವಾಹದಲ್ಲಿ ಸಿಕ್ಕ ಬೆಕ್ಕಿನ ಕತೆ, ಒಂದೂ ಮಾತಿಲ್ಲ. ಹಾಗಾಗಿ ಸಬ್‌ಟೈಟಲ್ ಓದಿ ಹೇಳುವ ಕಷ್ಟವೂ ಇಲ್ಲ. ಬ್ಲೆಂಡರ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಮಾಡಿ ಆಸ್ಕರ್ ಹೊಡೆದುಕೊಂಡರು.

ಸೀರೀಸ್‌ಗಳ ವಿಷಯದಲ್ಲಿ ನನಗೆ ತಾಳ್ಮೆ ಕಮ್ಮಿ. ಎರಡು ಗಂಟೆಯ ಕತೆಯನ್ನು ಎಂಟು ಗಂಟೆಗೆ ಎಳೆದು, ಕೊನೆಗೆ ಉಳಿದದ್ದು ಮುಂದಿನ ಸೀಸನ್‌ಗೆ ಅನ್ನುತ್ತಾರೆ. ಅದಕ್ಕೇ ಆರು ಕಂತಿನವು ನನಗೆ ಪ್ರೀತಿ. ಪಂಜಾಬಿನಲ್ಲಿ ನಡೆಯುವ 'ಕೊಹ್ರಾ' ಮೊದಲ ಸೀಸನ್ ನೋಡಿ, ನಟ ಸುವಿಂದರ್ ವಿಕ್ಕಿ ಮುಖಕ್ಕಾಗಿಯಾದರೂ. 'ಸ್ಲೋ ಹಾರ್ಸಸ್' ಕೂಡ ಸೀಸನ್ನಿಗೆ ಆರೇ ಕಂತು. ಗ್ಯಾರಿ ಓಲ್ಡ್‌ಮನ್ ತೂತಾದ ಸಾಕ್ಸ್ ಹಾಕಿಕೊಂಡು ಮೇಜಿನ ಮೇಲೆ ಕಾಲು ಚಾಚುವ ಕೊಳಕು ಗೂಢಚಾರ. ಬಾಯಿ ಮಹಾ ಕೆಟ್ಟದು, ಅಪ್ಪ ಅಮ್ಮನ ಜೊತೆ ಕೂತು ನೋಡೋಕೆ ಹೋಗಬೇಡಿ.

ಯಾವುದು ಯಾವ ಆಪ್‌ನಲ್ಲಿದೆ ಅನ್ನುವುದು ಆಗಾಗ ಬದಲಾಗುತ್ತಿರುತ್ತದೆ, ಹೆಸರು ಹಾಕಿ ಹುಡುಕಿಕೊಳ್ಳಿ. ನೀವು 'ಆಟ್ಟಂ'ನಿಂದ ಶುರು ಮಾಡಿ, ಇಪ್ಪತ್ತು ನಿಮಿಷಕ್ಕೆ ನಿಲ್ಲಿಸಲು ಅದು ಬಿಡುವುದಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದನ್ನು ಬೇಕೆಂದೇ ಕೊನೆಗೆ ಇಟ್ಟೆ. 'ಪರ್ಫೆಕ್ಟ್ ಡೇಸ್' (2023), ವಿಮ್ ವೆಂಡರ್ಸ್ ನಿರ್ದೇಶನ. ಟೋಕಿಯೋದಲ್ಲಿ ಸಾರ್ವಜನಿಕ ಶೌಚಾಲಯ ತೊಳೆಯುವ ಒಬ್ಬ ಮನುಷ್ಯ. ಏಳುತ್ತಾನೆ, ಗಿಡಗಳಿಗೆ ನೀರು ಹಾಕುತ್ತಾನೆ, ವ್ಯಾನಿನಲ್ಲಿ ಹಳೇ ಕ್ಯಾಸೆಟ್ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಾನೆ. ಮರುದಿನ ಮತ್ತೆ ಅದೇ. ಒಂದು ದಿನ ಶೌಚಾಲಯದ ಸಂದಿಯಲ್ಲಿ ಯಾರೋ ಗೀಚಿಟ್ಟ ಚೀಟಿ ಸಿಗುತ್ತದೆ, ಸೊನ್ನೆ-ಇಂಟು ಆಟದ್ದು. ಇವನು ತನ್ನ ಗುರುತು ಹಾಕಿ ಅಲ್ಲೇ ಇಡುತ್ತಾನೆ. ಹೀಗೇ ದಿನಕ್ಕೊಂದು ಗುರುತು, ಮುಖವೇ ನೋಡದವರ ಜೊತೆ. ಆ ಪಾತ್ರಕ್ಕೆ ಕೋಜಿ ಯಾಕುಶೋಗೆ ಕಾನ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಸಿಕ್ಕಿತು. ಆದರೆ ದಯವಿಟ್ಟು ಇದನ್ನು ಈಗಲೇ ಹಾಕಬೇಡಿ. ಮೊದಲ ಇಪ್ಪತ್ತು ನಿಮಿಷದಲ್ಲಿ ಅವನು ಬಾಯಿ ಬಿಡುವುದೇ ಅಪರೂಪ, ನೀವು ಖಂಡಿತ ನಿಲ್ಲಿಸುತ್ತೀರಿ. ಮೇಲಿನವುಗಳಲ್ಲಿ ಮೂರ್ನಾಲ್ಕು ಮುಗಿಸಿ, ಮರುದಿನ ಬೇಗ ಏಳುವ ತಲೆಬಿಸಿ ಇಲ್ಲದ ರಾತ್ರಿ ನೋಡಿ.